ಜಾಲಿ ಕಿತ್ತ ಮೇಲೂ ಹುಲ್ಲು ಯಾಕೆ ಬರಲಿಲ್ಲ?

ಪ್ರಶ್ನೆ: ನಮ್ಮೂರ ಗಾಯರಾಣದಲ್ಲಿ, ಅಂದರೆ ದನ ಮೇಯುವ ಊರ ಗೋಮಾಳದಲ್ಲಿ, ಬಳ್ಳಾರಿ ಜಾಲಿ ಬೆಳೆದು ದನ ಹೋಗಲೂ ದಾರಿ ಇರಲಿಲ್ಲ. ಹೋದ ಬೇಸಿಗೆಯಲ್ಲಿ ಊರವರೆಲ್ಲ ಪಟ್ಟಿ ಕೂಡಿಸಿ ಜೆಸಿಬಿ ತರಿಸಿ ಎಲ್ಲ ಕಿತ್ತೆವು. ಮಳೆ ಬಿದ್ದ ಮೇಲೆ ಮೊದಲಿನ ಹಾಗೆ ಕರಡ ಹುಲ್ಲು ಬರುತ್ತದೆ ಅಂದುಕೊಂಡಿದ್ದೆವು. ಬಂದದ್ದು ಮತ್ತೆ ಜಾಲಿ, ಜೊತೆಗೆ ಕಾಂಗ್ರೆಸ್ ಕಸ. ಎಲ್ಲಿ ತಪ್ಪಿದೆವು?
– ಓದುಗರೊಬ್ಬರು, ಬೀಳಗಿ ತಾಲ್ಲೂಕು

ಉತ್ತರ: ನೀವು ಕಿತ್ತದ್ದು ಕಣ್ಣಿಗೆ ಕಾಣುವ ಜಾಲಿಯನ್ನು. ಮಣ್ಣಿನೊಳಗಿದ್ದ ಜಾಲಿ ಹಾಗೇ ಇತ್ತು.

ಯಾವ ನೆಲದಲ್ಲಾದರೂ ಮೇಲಿನ ಎರಡು ಮೂರು ಇಂಚು ಮಣ್ಣಿನಲ್ಲಿ ಮೊಳೆಯದ ಬೀಜಗಳು ಮಲಗಿರುತ್ತವೆ. ಇದಕ್ಕೆ ಬೀಜ ಬ್ಯಾಂಕ್ ಅಂತ ಹೆಸರು. ನೆಲದೊಳಗೆ ಕಾಳು ತುಂಬಿಡುವ ನಮ್ಮ ಕಡೆಯ ಹಗೇವು ಇದ್ದ ಹಾಗೆ ಅನ್ನಿ, ವರ್ಷಾ ವರ್ಷ ಹೊಸ ಕಾಳು ಬಿದ್ದರೆ ಮಾತ್ರ ತುಂಬಿರುತ್ತದೆ. ಜಾಲಿ ಒತ್ತಾಗಿ ಹಬ್ಬಿದ ಮೇಲೆ ಅದರ ಕೆಳಗೆ ಹುಲ್ಲು ತೆನೆ ಬಿಡೋದು ನಿಂತಿತು, ಬೀಜ ಉದುರೋದೂ ನಿಂತಿತು. ಹುಲ್ಲಿನ ಬೀಜ ಬಹುತೇಕ ಒಂದೆರಡು ವರ್ಷಕ್ಕಿಂತ ಜಾಸ್ತಿ ಬಾಳೋದಿಲ್ಲ. ಬೇವಿನ ಬೀಜ ಕೆಲವು ವಾರಗಳಲ್ಲೇ ಕೆಡುತ್ತದೆ. ಜಾಲಿ ಬೀಜದ ಸಿಪ್ಪೆ ಮಾತ್ರ ಬಲು ಗಟ್ಟಿ, ವರ್ಷಗಟ್ಟಲೆ ಕಾಯುತ್ತದೆ, ಸಾಲದ್ದಕ್ಕೆ ಸಿಹಿ ಕಾಯಿ ತಿಂದ ದನದ ಹೊಟ್ಟೆಯಲ್ಲಿ ಆ ಸಿಪ್ಪೆ ಮೆತ್ತಗಾಗಿ, ಸಗಣಿಯ ಗೊಬ್ಬರದ ಸಮೇತ ಬೇಕಾದ ಕಡೆ ಬೀಳುತ್ತದೆ. 1877ರಲ್ಲಿ ಹೊರದೇಶದಿಂದ ಕಡಪ ಸೀಮೆಗೆ ಬಂದ ಗಿಡ ಇಷ್ಟು ದೂರ ಹಬ್ಬಿದ್ದು ಹೀಗೇ ಅಲ್ವಾ? ಅಂದರೆ ನಿಮ್ಮ ಹಗೇವಿನಲ್ಲಿ ಹುಲ್ಲು ಖಾಲಿಯಾಗಿ ಜಾಲಿ ತುಂಬಿತ್ತು. ಜೆಸಿಬಿ ಮಣ್ಣನ್ನು ಮಗುಚಿ ಅದಕ್ಕೆ ಬೆಳಕು ಕೊಟ್ಟಿತು.

ಪೂರ್ತಿ ಖಾಲಿಯಾಗಿರಲಿಕ್ಕಿಲ್ಲ. ತಂಗಡಿ, ಕರಿಜಾಲಿಯಂಥ ನಮ್ಮ ಗಿಡಗಳ ಬೀಜವೂ ಗಟ್ಟಿಯೇ. ಏನು ಉಳಿದಿದೆ ಅಂತ ನೀವೇ ನೋಡಬಹುದು. ಮಳೆಗೆ ಮುಂಚೆ ಗಾಯರಾಣದ ಹತ್ತು ಕಡೆಯಿಂದ ಮೇಲ್ಮಣ್ಣು ತಂದು, ಹಳೇ ಬುಟ್ಟಿಯಲ್ಲಿ ಇಂಚಿನಷ್ಟು ತೆಳ್ಳಗೆ ಹರಡಿ, ಎರಡು ತಿಂಗಳು ನೀರು ಚಿಮುಕಿಸಿ. ಜಾಲಿ ಹೊಕ್ಕಿರದ ಗುಡಿಯ ಸುತ್ತಲಿನ ಮಣ್ಣನ್ನೂ ಪಕ್ಕದಲ್ಲೇ ಇಡಿ. ಎರಡನ್ನೂ ಶಾಲೆ ಮಕ್ಕಳಿಂದ ಎಣಿಸಿ ನೋಡಿ, ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಹುಲ್ಲು ಮೊಳೆಯದಿದ್ದರೆ ಬೀಜ ನೀವೇ ತರಬೇಕು. ದೀಪಾವಳಿ ಆದ ಮೇಲೆ ಒಡ್ಡಿನ ಮೇಲೆ ಕರಡ ಮಾಗುತ್ತದಲ್ಲ, ಆ ತೆನೆ ಕೊಯ್ದಿಟ್ಟು ಮುಂಗಾರಿಗೆ ಚೆಲ್ಲಿ. ಬೇವಿನ ಬೀಜ ಮಾತ್ರ ಹಣ್ಣು ಉದುರಿದ ವಾರದಲ್ಲೇ ಊರಿ. ಇನ್ನು ಜೆಸಿಬಿ ಬೇಡ. ಮಳೆ ಬಿದ್ದು ನೆಲ ಮೆತ್ತಗಿದ್ದಾಗ ಜಾಲಿ ಸಸಿ ಕೈಯಿಂದಲೇ ಬೇರು ಸಮೇತ ಬರುತ್ತದೆ, ಹಳೇ ಬುಡಗಳನ್ನು ಒಂದಡಿ ಆಳಕ್ಕೆ ಗುದ್ದಲಿಯಿಂದ ತೆಗೆಯಿರಿ. ಜಾಲಿ ಕಾಯಿ ತಿಂದ ದನ ಕುರಿಯನ್ನು ಕೆಲವು ದಿನ ಅಲ್ಲಿಗೆ ಬಿಡಬೇಡಿ. ಮೂರು ನಾಲ್ಕು ಮಳೆಗಾಲ ಹಿಡಿಯುತ್ತದೆ, ದಯವಿಟ್ಟು ಅರ್ಧಕ್ಕೆ ಕೈಬಿಡಬೇಡಿ. ನಿಮ್ಮ ಪಕ್ಕದ ಯಡಹಳ್ಳಿ ವನ್ಯಧಾಮದ ಚಿಂಕಾರ ಜಿಂಕೆಗಳಿಗೂ ಇಂಥ ಬಯಲು ಹುಲ್ಲೇ ಬೇಕು.

ಪ್ರಶ್ನೆ: ತೋಟದ ಅಂಚಿನ ಲಂಟಾನಕ್ಕೆ ಬೆಂಕಿ ಹಾಕಿದರೆ ಬೀಜ ಸಾಯುತ್ತದೆಯೇ?
– ಓದುಗರೊಬ್ಬರು, ಖಾನಾಪುರ

ಉತ್ತರ: ಮೇಲಿದ್ದವು ಸಾಯುತ್ತವೆ. ಆದರೆ ಬುಡ ಸಾಯೋದಿಲ್ಲ, ಮಳೆಗೆ ಮತ್ತೆ ಚಿಗುರುತ್ತದೆ, ಸುಟ್ಟುಹೋಗೋದು ಕವಳಿ, ನೇರಳೆಯ ಎಳೆ ಸಸಿಗಳು. ಹೂ ಕಾಯಾಗುವ ಮುಂಚೆ ಬೇರಿನ ಕುತ್ತಿಗೆಯನ್ನು (ಕಾಂಡ ಬೇರು ಕೂಡುವ ಜಾಗ) ಮಣ್ಣಿನ ಕೆಳಗೆ ಕತ್ತರಿಸಿ, ಗಿಡವನ್ನು ಬುಡ ಮೇಲಾಗಿ ಒಣಗಲು ಬಿಡಿ. ಆಮೇಲೆ ಮರಗಳ ಕೆಳಗೆ ಪ್ರತಿ ಮಳೆಗಾಲ ಒಮ್ಮೆ ನೋಡಿ, ಹಣ್ಣು ತಿಂದ ಪಿಕಳಾರ ಹಕ್ಕಿಗಳು ಕೂತು ಬೀಜ ಹಾಕೋದು ಅಲ್ಲೇ.