ಯುಎಸ್‌ಬಿ ಡ್ಯಾಕ್‌ನಲ್ಲಿ (ಕಂಪ್ಯೂಟರಿನ ಡಿಜಿಟಲ್ ಡೇಟಾವನ್ನು ಧ್ವನಿ ಸಂಕೇತವಾಗಿಸುವ ಸಾಧನ) ಹಾಡು ಕೇಳುವಾಗ ಆಗಾಗ ‘ಟಕ್’ ಅನ್ನುತ್ತದೆ. ಇದು ಜಿಟ್ಟರ್ರಾ?

ಬಹುತೇಕ ಅಲ್ಲ. ಜಿಟ್ಟರ್ ಅಂದರೆ ಸಾಧನದೊಳಗೆ ತಾಳ ಹಾಕುವ ಗಡಿಯಾರದ (ಕ್ಲಾಕ್) ಮಿಡಿತದಲ್ಲಿನ ನ್ಯಾನೊಸೆಕೆಂಡ್ ಮಟ್ಟದ ಅಲುಗಾಟ. ಅದು ಮಿತಿಮೀರಿದರೂ ಸ್ವರದ ಆಚೀಚೆ ಸಣ್ಣ ಕಲಬೆರಕೆ ಸೇರಿಸುತ್ತದೆಯೇ ಹೊರತು ‘ಟಕ್’ ಅನ್ನಿಸುವುದಿಲ್ಲ. ಅದಕ್ಕಾಗಿ ದುಬಾರಿ ಕೇಬಲ್ ಕೊಳ್ಳುವುದು ದುಡ್ಡು ದಂಡ.

ಸದ್ದು ಯಾವಾಗ ಬರುತ್ತದೆ ಗಮನಿಸಿ. ಬ್ರೌಸರ್ ತೆರೆದಾಗ, ಫೈಲ್ ಕಾಪಿ ಆಗುವಾಗ ಅಡ್ಡಾದಿಡ್ಡಿ ಬಂದರೆ ಬಫರ್, ಅಂದರೆ ನುಡಿಸುವ ಮುನ್ನ ಡೇಟಾ ಕೂಡಿಡುವ ಜಾಗ, ಬರಿದಾಗುತ್ತಿದೆ. 44.1 ಕಿಲೋಹರ್ಟ್ಸ್‌ನಲ್ಲಿ (ಸೆಕೆಂಡಿಗೆ 44,100 ಸ್ಯಾಂಪಲ್, ಅಂದರೆ ಧ್ವನಿಯ ಅಳತೆಗಳು) 128 ಸ್ಯಾಂಪಲ್ ಅಂದರೆ ಬರೀ 2.9 ಮಿಲಿಸೆಕೆಂಡ್, ಅಷ್ಟರಲ್ಲಿ ಮುಂದಿನ ಕಂತು ಬರದಿದ್ದರೆ ಅಲೆ ತುಂಡಾಗುತ್ತದೆ. ಬಫರನ್ನು 1024ಕ್ಕೆ ಏರಿಸಿ. 23 ಮಿಲಿಸೆಕೆಂಡ್ ತಡವಾಗುತ್ತದೆ, ಹಾಡು ಕೇಳಲು ಅದೇನೂ ತೊಂದರೆಯಲ್ಲ. ವಿಂಡೋಸ್ ಆದರೆ ಲೇಟೆನ್ಸಿಮಾನ್ ಅನ್ನುವ, ತಡ ಎಲ್ಲಾಗುತ್ತಿದೆ ಎಂದು ತೋರಿಸುವ ತಂತ್ರಾಂಶ ಓಡಿಸಿ. ಕಾಟ ಕೊಡುವ ಡ್ರೈವರ್ ಸಿಗುತ್ತದೆ, ಎಷ್ಟೋ ಸಲ ಅದು ವೈಫೈನದ್ದೇ.

ಗಡಿಯಾರ ಇಟ್ಟ ಹಾಗೆ ಕೆಲವು ನಿಮಿಷಕ್ಕೊಮ್ಮೆ ಬಂದರೆ ಕಥೆ ಬೇರೆ: ಕಳಿಸುವ, ನುಡಿಸುವ ಸಾಧನಗಳ ಗಡಿಯಾರಗಳು ಹೊಂದುತ್ತಿಲ್ಲ. ದಶಲಕ್ಷಕ್ಕೆ 50ರಷ್ಟು ವ್ಯತ್ಯಾಸವಿದ್ದರೂ ಸೆಕೆಂಡಿಗೆ ಸುಮಾರು 2.2 ಸ್ಯಾಂಪಲ್ ಕೊರತೆ. 512 ಸ್ಯಾಂಪಲ್‌ಗಳ ದಾಸ್ತಾನು ನಾಲ್ಕು ನಿಮಿಷಕ್ಕೆ ಖಾಲಿ. ಇಲ್ಲಿ ಬಫರ್ ಹೆಚ್ಚಿಸಿದರೆ ‘ಟಕ್’ ಮುಂದಕ್ಕೆ ಹೋಗುತ್ತದೆ ಅಷ್ಟೆ. ಒಂದು ಸಾಧನವನ್ನು ಮಾಸ್ಟರ್ ಮಾಡಿ (ಅದರ ಗಡಿಯಾರವನ್ನೇ ಇನ್ನೊಂದೂ ಅನುಸರಿಸುವಂತೆ), ಇನ್ನೊಂದರ ಕ್ಲಾಕ್ ಸೋರ್ಸನ್ನು ‘ಎಕ್ಸ್‌ಟರ್ನಲ್’ಗೆ ಹಾಕಿ. ಇಲ್ಲವೇ ಅಸಿಂಕ್ರೊನಸ್ ಯುಎಸ್‌ಬಿ ಇರುವ ಡ್ಯಾಕ್ ಬಳಸಿ; ಅದು ಎಷ್ಟು ಡೇಟಾ ಬೇಕೆಂದು ಕಂಪ್ಯೂಟರಿಗೆ ತಾನೇ ಹೇಳುತ್ತಿರುತ್ತದೆ.