ಅಳಿಲು ಕಂಪನಿಯ ಗುರುತಲ್ಲ

ಹಳೆಯ ಕೈಗಡಿಯಾರಗಳ ಬಗ್ಗೆ ಬರುವ ಪತ್ರಗಳಲ್ಲಿ ಬಹುಪಾಲು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಕೇಳುತ್ತವೆ. ಆದ್ದರಿಂದ ಈ ಸಲ ಆ ಒಂದು ಪ್ರಶ್ನೆಗೆ ವಿವರವಾಗಿ ಉತ್ತರಿಸಿ, ಉಳಿದವನ್ನು ಚಿಕ್ಕದಾಗಿ ಮುಗಿಸುತ್ತೇನೆ.

ಪ್ರಶ್ನೆ: ನಮ್ಮ ತಾತ 1950ರ ದಶಕದಲ್ಲಿ ಮುಂಬಯಿಯಲ್ಲಿ ಕೊಂಡಿದ್ದ ಚಿನ್ನದ ವಾಚು ಬೀರುವಿನಲ್ಲಿ ಸಿಕ್ಕಿದೆ. ಡಯಲ್ ಮೇಲಿನ ಹೆಸರು ಅಳಿಸಿಹೋಗಿದ್ದು, ‘ಸ್ವಿಸ್ ಮೇಡ್’ ಎಂಬುದಷ್ಟೇ ಕಾಣುತ್ತದೆ. ಹಿಂದಿನ ಮುಚ್ಚಳದ ಒಳಗೆ ಅಳಿಲಿನ ಚಿತ್ರ ಮತ್ತು 0.585 ಎಂಬ ಅಂಕಿ ಇವೆ. ಅಳಿಲು ಯಾವ ಕಂಪನಿಯ ಗುರುತು? ಚಿನ್ನದಂಗಡಿಯವರು ಇದು ಅಪ್ಪಟ ಚಿನ್ನವಲ್ಲ, ಕರಗಿಸಿ ತೂಕಕ್ಕೆ ಕೊಟ್ಟುಬಿಡಿ ಎನ್ನುತ್ತಾರೆ. ಕೊಡಬಹುದೇ? (ಹಾಸನದ ಓದುಗರು)

ಉತ್ತರ: ಕೊಡಬೇಡಿ. ಒಳಗಿರುವ ಮೆಷಿನ್ ಯಾವುದೆಂದು ತಿಳಿಯುವವರೆಗಾದರೂ ಅದನ್ನು ಕರಗಿಸುವವರ ಕೈಗೆ ಕೊಡಬೇಡಿ.

ಅಳಿಲು ಯಾವ ಕಂಪನಿಯದೂ ಅಲ್ಲ. ಸ್ವಿಟ್ಜರ್ಲೆಂಡಿನ ಅಧಿಕೃತ ಪರೀಕ್ಷಾ ಕಚೇರಿಗಳು 1880ರ ದಶಕದಿಂದ 1995ರ ವರೆಗೆ 14 ಕ್ಯಾರಟ್ ಚಿನ್ನದ ಕೇಸುಗಳಿಗೆ (ಅಂದರೆ ವಾಚಿನ ಹೊರಕವಚಗಳಿಗೆ) ಅಳಿಲನ್ನೂ, 18 ಕ್ಯಾರಟ್‌ನವಕ್ಕೆ ಹೆಲ್ವೇಷಿಯಾ ಎಂಬ ಹೆಣ್ಣಿನ ತಲೆಯನ್ನೂ ಒತ್ತುತ್ತಿದ್ದವು. 1995ರ ನಂತರ ಆ ಜಾಗಕ್ಕೆ ಸೇಂಟ್ ಬರ್ನಾರ್ಡ್ ನಾಯಿಯ ತಲೆ ಬಂತು. 0.585 ಎಂದರೆ ಸಾವಿರ ಪಾಲಿನಲ್ಲಿ 585 ಪಾಲು ಚಿನ್ನ. 916ಕ್ಕೆ ಒಗ್ಗಿಹೋದ ನಮ್ಮ ಅಂಗಡಿಗಳಿಗೆ ಇದು ಕಡಿಮೆಯೆನಿಸುತ್ತದೆ, ಆದರೆ ಗಡಿಯಾರದ ಕೇಸಿಗೆ ಇಂಥ ಗಟ್ಟಿ ಮಿಶ್ರಣವೇ ಬೇಕು. ಇಂಗ್ಲೆಂಡಿನಲ್ಲಿ ಮುದ್ರೆ ಬಿದ್ದ ಎಷ್ಟೋ ಒಳ್ಳೆಯ ವಾಚುಗಳ ಕೇಸು 9 ಕ್ಯಾರಟ್‌ನದು, ಅಂದರೆ .375. ಅದನ್ನು ‘ಚಿನ್ನವೇ ಅಲ್ಲ’ ಎಂದು ಹೇಳಿ ಅಗ್ಗಕ್ಕೆ ಕೊಳ್ಳುವುದು ಗಿರಾಕಿಗೆ ಮಾಡುವ ಮೋಸ.

ಇನ್ನು ಹೆಸರಿನ ವಿಚಾರ. ಹಳೆಯ ಕೈಗಡಿಯಾರದಲ್ಲಿ ಕೇಸು, ಡಯಲ್, ಮೆಷಿನ್ ಎಂಬ ಮೂರು ಸಾಕ್ಷಿಗಳಿರುತ್ತವೆ. ಇವು ಮೂರು ಬೇರೆ ಬೇರೆ ಕಾರ್ಖಾನೆಗಳಲ್ಲಿ ತಯಾರಾಗಿರುವುದೇ ಹೆಚ್ಚು, ಆದ್ದರಿಂದ ಮೂರೂ ಒಂದೇ ಮಾತು ಹೇಳುತ್ತಿವೆಯೇ ಎಂದು ನೋಡಬೇಕು. ಮೂರರಲ್ಲಿ ಎಲ್ಲಕ್ಕಿಂತ ಸುಲಭವಾಗಿ ಸುಳ್ಳು ಹೇಳುವುದು ಡಯಲ್. ನಮ್ಮ ದೇಶದಲ್ಲಿ ಮಾಸಿದ ಡಯಲ್‌ಗೆ ಹೊಸ ಬಣ್ಣ ಬಳಿದು, ಬೇಕಾದ ಹೆಸರು ಅಚ್ಚು ಹಾಕಿಕೊಡುವ ಕೆಲಸ ದಶಕಗಳಿಂದ ನಡೆದಿದೆ. ನಿಮ್ಮ ಡಯಲ್ ಮೇಲೆ ಹೆಸರು ಅಳಿಸಿದೆ ಎಂದರೆ ಅದನ್ನು ಇನ್ನೂ ಯಾರೂ ಮುಟ್ಟಿರಲಾರರು ಎಂದೇ ನಾನು ತಿಳಿಯುತ್ತೇನೆ. ಅದನ್ನು ಹಾಗೆಯೇ ಬಿಡಿ, ಬಟ್ಟೆಯಿಂದಲೂ ಒರೆಸಬೇಡಿ.

ಕೇಸಿನಲ್ಲಿ ಅಳಿಲಿನ ಪಕ್ಕದಲ್ಲೇ ಇನ್ನೊಂದು ಚಿಕ್ಕ ಗುರುತು ಇದೆಯೇ ನೋಡಿ. ಸುತ್ತಿಗೆಯ ತಲೆಯ ಆಕಾರದೊಳಗೆ ಒಂದು ಸಂಖ್ಯೆಯಿದ್ದರೆ ಅದು ಕೇಸು ಮಾಡಿದವರ ನೋಂದಣಿ ಸಂಖ್ಯೆ. ಬೀಗದ ಕೈಯ ಆಕಾರದೊಳಗೆ ಸಂಖ್ಯೆಯಿದ್ದರೆ ಕೇಸು ಮಾಡಿದವರು ಜಿನೀವಾದವರು. ಮುಚ್ಚಳದ ಮೇಲಿನ ಉದ್ದನೆಯ ಸಂಖ್ಯೆ ಸಾಮಾನ್ಯವಾಗಿ ಕೇಸಿನ ಕ್ರಮಸಂಖ್ಯೆ ಮಾತ್ರ. ಕಂಪನಿಯ ಹೆಸರು ಗೊತ್ತಿಲ್ಲದೆ ಅದನ್ನು ಗೂಗಲ್‌ನಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ.

ಒಳಗೆ ಸೂಜಿಮೊನೆಯಿಂದ ಗೀಚಿದ ಅಕ್ಷರಗಳಿದ್ದರೆ ಕಲೆಯೆಂದು ಉಜ್ಜಿಸಬೇಡಿ, ಅವು ರಿಪೇರಿ ಮಾಡಿದವರ ಲೆಕ್ಕ. ಹಿಂದೊಮ್ಮೆ ನಾನು ತೆರೆದ ಒಂದು ಮುಚ್ಚಳದಲ್ಲಿ ಒಂದರ ಕೆಳಗೊಂದು ನಾಲ್ಕು ದಿನಾಂಕಗಳಿದ್ದವು, ಮೊದಲನೆಯದು 1956ರದು. ಆ ವಾಚು 1960ರ ನಂತರದ್ದೆಂದು ಮನೆಯವರು ಹೂಡಿದ್ದ ವಾದ ಆ ಒಂದು ಗೀರಿನಿಂದ ಮುಗಿಯಿತು.

ನಿಜವಾದ ಉತ್ತರ ಇರುವುದು ಮೆಷಿನ್‌ನಲ್ಲಿ. ಅತ್ತಿಂದಿತ್ತ ಆಡುವ ಬ್ಯಾಲೆನ್ಸ್ ಚಕ್ರದ ಕೆಳಗೆ ಅಥವಾ ಅದರ ಅಂಚಿನ ಬಳಿ, ಫಲಕದ ಮೇಲೆ, ಸಾಸಿವೆ ಕಾಳಿನಷ್ಟು ಸ್ಥಳದಲ್ಲಿ ಒಂದು ಲಾಂಛನ ಮತ್ತು ಕ್ಯಾಲಿಬರ್ (ಮೆಷಿನ್ನಿನ ಮಾದರಿ) ಸಂಖ್ಯೆ ಒತ್ತಿರುತ್ತಾರೆ, ಎ.ಎಸ್., ಎಫ್.ಎಚ್.ಎಫ್., ಇ.ಟಿ.ಎ. ಮುಂತಾದವು ಅಲ್ಲಿ ಸಿಗುತ್ತವೆ. ಇವು ನೂರಾರು ಕಂಪನಿಗಳಿಗೆ ಮೆಷಿನ್ ಮಾಡಿಕೊಡುತ್ತಿದ್ದ ಕಾರ್ಖಾನೆಗಳಾದ್ದರಿಂದ, ಇಂಥ ಗುರುತು ಸಿಕ್ಕಿದರೆ ನಿಮ್ಮದು ಆ ಕಾಲದ ಸಾಧಾರಣ ಆದರೆ ಗಟ್ಟಿಮುಟ್ಟಾದ ವಾಚು ಎಂದು ತಿಳಿಯಬಹುದು. ಅಲ್ಲೂ ಏನೂ ಇಲ್ಲದಿದ್ದರೆ ಡಯಲ್ ತೆಗೆಸಿ, ಕೀಲಿಯ ಕಡ್ಡಿಯನ್ನು ಹಿಡಿದಿಡುವ ಚಪ್ಪಟೆ ಸ್ಪ್ರಿಂಗಿನ ಆಕಾರವನ್ನು ನೋಡಬೇಕು. ಆ ಆಕಾರ ಮೆಷಿನ್ನಿನ ಹೆಬ್ಬೆಟ್ಟಿನ ಗುರುತಿನ ಹಾಗೆ. ಬಿಡಿಭಾಗಗಳ ಹಳೆಯ ಕ್ಯಾಟಲಾಗ್ ಇಟ್ಟುಕೊಂಡಿರುವ ರಿಪೇರಿಯವರು ಅದನ್ನೂ ಮೆಷಿನ್ನಿನ ಅಡ್ಡಳತೆಯನ್ನೂ ಹೋಲಿಸಿ ಕ್ಯಾಲಿಬರ್ ಹೇಳಬಲ್ಲರು. ಮೆಷಿನ್ ಮೇಲೆ ಲಾಂಜಿನ್ ಅಥವಾ ಒಮೆಗಾ ಎಂಬ ಹೆಸರಿದ್ದು ಏಳೆಂಟು ಅಂಕಿಗಳ ಸಂಖ್ಯೆಯೂ ಇದ್ದರೆ ಕೆಲಸ ಇನ್ನೂ ಸುಲಭ. ಉದಾಹರಣೆಗೆ, ಒಮೆಗಾದ 1 ಕೋಟಿ 40 ಲಕ್ಷದ ಆಸುಪಾಸಿನ ಸಂಖ್ಯೆಗಳು ಸುಮಾರು 1954ರವು. ಲಾಂಜಿನ್ ತನ್ನ ಹಳೆಯ ಕೈಬರಹದ ದಾಖಲೆ ಪುಸ್ತಕಗಳನ್ನು ಉಳಿಸಿಕೊಂಡಿದೆ. ಸಂಖ್ಯೆ ಕೊಟ್ಟರೆ ವಾಚು ಯಾವಾಗ ಕಾರ್ಖಾನೆ ಬಿಟ್ಟಿತೆಂದು ಹುಡುಕಿ ತಿಳಿಸುತ್ತದೆ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ ಒಬ್ಬ ಹೆಣ್ಣುಮಗಳು ಬೆಂಕಿಪೊಟ್ಟಣದಲ್ಲಿ ಹತ್ತಿ ಹಾಸಿ, ಅದರೊಳಗೆ ಒಂದು ಮೆಷಿನ್ ಇಟ್ಟುಕೊಂಡು ನನ್ನ ಬಳಿ ಬಂದಿದ್ದರು. ಲೆನ್ಸ್ ಕೆಳಗೆ ಹಿಡಿದಾಗ ಲಾಂಜಿನ್ ಎಂಬ ಹೆಸರೂ ಪೂರ್ತಿ ಸಂಖ್ಯೆಯೂ ಸ್ಪಷ್ಟವಾಗಿ ಕಂಡವು. ಬ್ಯಾಲೆನ್ಸನ್ನು ಊದಿದರೆ ಆಡುತ್ತಿತ್ತು. ಕೇಸು ಎಲ್ಲಿ ಎಂದು ಕೇಳಿದೆ. ಹಿಂದಿನ ವಾರವಷ್ಟೇ ಒಂದು ಅಂಗಡಿಯಲ್ಲಿ ಅದನ್ನು ಕರಗಿಸಿ, ‘ಇದು ಕೆಲಸಕ್ಕೆ ಬಾರದ್ದು’ ಎಂದು ಮೆಷಿನ್ನನ್ನು ಅವರ ಕೈಗೆ ಹಾಕಿದ್ದರಂತೆ. ಆ ಮೆಷಿನ್ನಿಗೆ ಸರಿಹೊಂದುವ ಚಿನ್ನದ ಕೇಸು ನನಗೆ ಇವತ್ತಿಗೂ ಸಿಕ್ಕಿಲ್ಲ.

ಆದ್ದರಿಂದ ಮುಚ್ಚಳವನ್ನು ಅಡುಗೆಮನೆಯ ಚಾಕುವಿನಿಂದ ಮೀಟಬೇಡಿ, ಚಾಕುವಿಗಿಂತ ಮೃದುವಾದ ಚಿನ್ನದ ಅಂಚು ಒಮ್ಮೆ ಗಾಯವಾದರೆ ಹೋಗುವುದಿಲ್ಲ. ಪಾಲಿಶ್ ಮಾಡಿಸಬೇಡಿ, ಮೊದಲು ಸವೆಯುವುದು ಮುದ್ರೆಗಳೇ. ತೈಲ ಒಣಗಿರುವ ಮೆಷಿನ್ನಿಗೆ ಕೀಲಿ ಕೊಟ್ಟು ‘ನಡೆಯುತ್ತದೆಯೇ’ ಎಂದು ಪರೀಕ್ಷಿಸಬೇಡಿ. ಆಸಿಡ್ ಹಾಕಿ ಒರೆಗಲ್ಲಿಗೆ ಉಜ್ಜುತ್ತೇವೆ ಎನ್ನುವವರಿಗೆ ಒಪ್ಪಬೇಡಿ, ಮುದ್ರೆಯಿರುವ ಕೇಸಿಗೆ ಅದರ ಅಗತ್ಯವೇ ಇಲ್ಲ. ನಂಬಿಕೆಯ ರಿಪೇರಿಯವರ ಮುಂದೆ ಕುಳಿತು ತೆರೆಸಿ, ಮುಚ್ಚಳದ ಒಳಭಾಗದ ಮತ್ತು ಮೆಷಿನ್ನಿನ ಸ್ಪಷ್ಟ ಫೋಟೊ ತೆಗೆದು ಕಳಿಸಿ. ಡಯಲ್‌ನ ಫೋಟೊ ಒಂದನ್ನೇ ಕಳಿಸಿ ‘ಎಷ್ಟು ಬೆಲೆ’ ಎಂದು ಕೇಳುವವರಿಗೆ ನಾನು ಉತ್ತರ ಬರೆಯುವುದಿಲ್ಲ.

ಪ್ರಶ್ನೆ: ಕ್ಯಾರಟ್ ಅಳೆಯುವ ಯಂತ್ರ 14 ಕ್ಯಾರಟ್ ಎಂದು ತೋರಿಸಿತು. ಆದರೆ ಲಗ್‌ಗಳ (ಪಟ್ಟಿ ಸಿಕ್ಕಿಸುವ ಕೊಂಬುಗಳ) ಮೂಲೆಯಲ್ಲಿ ಹಿತ್ತಾಳೆಯ ಬಣ್ಣ ಕಾಣುತ್ತದೆ.

ಉತ್ತರ: ನಿಮ್ಮ ಕಣ್ಣನ್ನು ನಂಬಿ. ಯಂತ್ರ ಓದುವುದು ಮೇಲಿನ ಕೆಲವೇ ಮೈಕ್ರಾನ್‌ಗಳನ್ನು, ಬೇರೆ ಲೋಹದ ಮೇಲೆ ಅಂಟಿಸಿದ ರೋಲ್ಡ್ ಗೋಲ್ಡ್ ಪದರ ಅದಕ್ಕಿಂತ ದಪ್ಪವಿರಬಹುದು. ‘20 ಮೈಕ್ರಾನ್’, ‘ಗೋಲ್ಡ್ ಫಿಲ್ಡ್’, ‘25 ವರ್ಷ ಗ್ಯಾರಂಟಿ’ ಎಂದಿದ್ದರೆ ಅದು ಪೂರ್ತಿ ಚಿನ್ನವಲ್ಲ.

ಪ್ರಶ್ನೆ: ‘ಇನ್‌ಕ್ಯಾಬ್ಲಾಕ್’ ಒಳ್ಳೆಯ ಕಂಪನಿಯೇ? ‘ಬ್ರೆವೆ’?

ಉತ್ತರ: ಎರಡೂ ವಾಚಿನ ಕಂಪನಿಗಳ ಹೆಸರಲ್ಲ. ಮೊದಲನೆಯದು ಬಿದ್ದಾಗ ಬ್ಯಾಲೆನ್ಸನ್ನು ಕಾಯುವ ಏರ್ಪಾಟು, ಎರಡನೆಯದಕ್ಕೆ ಫ್ರೆಂಚಿನಲ್ಲಿ ಪೇಟೆಂಟ್ ಎಂದರ್ಥ.

ಪ್ರಶ್ನೆ: 17 ಜ್ಯುವೆಲ್ ಇದೆ. ಮಾಣಿಕ್ಯಗಳನ್ನು ತೆಗೆಸಿ ಮಾರಬಹುದೇ?

ಉತ್ತರ: ಕಾರ್ಖಾನೆಯಲ್ಲಿ ತಯಾರಿಸಿದ ಕೃತಕ ಕಲ್ಲುಗಳವು, ಬಿಡಿಯಾಗಿ ಬೆಲೆಯಿಲ್ಲ.

ಪ್ರಶ್ನೆ: ತಂದೆಯವರ ಚಿನ್ನದ ಎಚ್‌ಎಂಟಿಯಲ್ಲಿ ಎಷ್ಟು ಗ್ರಾಂ ಇರಬಹುದು?

ಉತ್ತರ: ಹಿಂದಿನ ಮುಚ್ಚಳ ಸ್ಟೀಲಿನದಾಗಿದ್ದರೆ ಅದು ಗಿಲೀಟಿನದು. ಸರ್ವಿಸ್ ಮಾಡಿಸಿ ಕಟ್ಟಿಕೊಳ್ಳಿ.

ಪ್ರಶ್ನೆ: ಕತ್ತಲಲ್ಲಿ ಹೊಳೆಯುತ್ತಿದ್ದ ಮುಳ್ಳುಗಳು ಈಗ ಹೊಳೆಯುತ್ತಿಲ್ಲ. ಕೆರೆದು ಹೊಸ ಬಣ್ಣ ಹಾಕಬಹುದೇ?

ಉತ್ತರ: ಖಂಡಿತ ಬೇಡ. 1960ರ ದಶಕಕ್ಕಿಂತ ಹಿಂದಿನ ಅಂಥ ಬಣ್ಣದಲ್ಲಿ ವಿಕಿರಣ ಸೂಸುವ ರೇಡಿಯಂ ಲೋಹ ಇರುವುದೇ ಹೆಚ್ಚು. ಅದರ ಅರ್ಧಾಯುಷ್ಯ, ಅಂದರೆ ಅದು ಅರ್ಧದಷ್ಟು ಕಡಿಮೆಯಾಗಲು ಬೇಕಾದ ಕಾಲ, ಸುಮಾರು 1600 ವರ್ಷ. ಹೊಳಪು ಹೋದದ್ದು ಜೊತೆಗೆ ಬೆರೆಸಿದ್ದ ಪುಡಿ ಸವೆದದ್ದರಿಂದ, ವಿಕಿರಣ ಹಾಗೇ ಇದೆ. ಗಾಜು ಮುಚ್ಚಿರುವವರೆಗೆ ಅಪಾಯ ಕಡಿಮೆ, ಕೆರೆದ ಪುಡಿ ಉಸಿರಿನೊಂದಿಗೆ ಅಥವಾ ಬಾಯಿಯ ಮೂಲಕ ಒಳಹೋದರೆ ದೊಡ್ಡ ಅಪಾಯ. ಗಾಜು ಒಡೆದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ, ಮಕ್ಕಳ ಕೈಗೆ ಸಿಗದಂತೆ ಇಟ್ಟು, ರಿಪೇರಿಗೆ ಕೊಡುವಾಗ ರೇಡಿಯಂ ಡಯಲ್ ಎಂದು ಮೊದಲೇ ತಿಳಿಸಿ.