ಪ್ಲೇಟಲ್ಲಿ ಸತ್ತ ಬ್ಯಾಕ್ಟೀರಿಯಾ ಮೈಯಲ್ಲೂ ಸಾಯತ್ತಾ?

ಪ್ರಶ್ನೆ: ಪ್ರಾಜೆಕ್ಟಿಗೆ ಅಂತ ಬೇವಿನೆಲೆ ಪುಡಿಯಿಂದ ನೀರಿನ ಎಕ್ಸ್‌ಟ್ರಾಕ್ಟು (ಸಾರ), ಮೆಥನಾಲ್ ಎಕ್ಸ್‌ಟ್ರಾಕ್ಟು ಎರಡೂ ಮಾಡಿದ್ವಿ. ಮೆಥನಾಲ್‌ದು ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ಹರಡಿದ ಅಗರ್ (ಜೆಲ್ಲಿ) ಪ್ಲೇಟಲ್ಲಿ, ಎಕ್ಸ್‌ಟ್ರಾಕ್ಟು ಹೀರಿಸಿದ ಕಾಗದದ ಡಿಸ್ಕ್ ಸುತ್ತ 14 ಮಿ.ಮೀ. ಝೋನ್ (ಬ್ಯಾಕ್ಟೀರಿಯಾ ಬೆಳೆಯದ ಖಾಲಿ ಜಾಗ) ಕೊಡ್ತು, ಇ. ಕೋಲಿ ಬ್ಯಾಕ್ಟೀರಿಯಾಗೆ ಏನೂ ಆಗ್ಲಿಲ್ಲ. ನೀರಿಂದು ಎರಡರಲ್ಲೂ ಸೊನ್ನೆ. ನಾವೆಲ್ಲಿ ಎಡವಿದ್ವಿ?

ಉತ್ತರ: ಎಡವಿಲ್ಲ ಬಿಡಿ, ಸುಮಾರು ಜನಕ್ಕೆ ಹೀಗೇ ಬರೋದು. ನೀರಿಗೆ ಸಕ್ಕರೆ, ಪ್ರೋಟೀನು, ಟ್ಯಾನಿನ್ನು, ಸಪೋನಿನ್ನು ಇಂಥವು ಚೆನ್ನಾಗಿ ಇಳೀತವೆ, ಆದ್ರೆ ಟರ್ಪಿನಾಯ್ಡ್ ಥರದ ಎಣ್ಣೆ ಸ್ವಭಾವದವು ಎಲೆಯಲ್ಲೇ ಉಳ್ಕೊಳ್ತವೆ, ಮೆಥನಾಲ್ ಎರಡೂ ಕಡೆಯಿಂದ ಒಂದಷ್ಟು ಎಳ್ಕೊಂಡು ಬರತ್ತೆ, ಹಾಗಾಗಿ ಎಲೆ ಒಂದೇ ಆದ್ರೂ ನಿಮ್ಮ ಎರಡು ಬಾಟಲಲ್ಲಿ ಇರೋ ಮಾಲೇ ಬೇರೆ. ಇನ್ನು ಇ. ಕೋಲಿ ಗ್ರಾಂ ನೆಗೆಟಿವ್, ಅದಕ್ಕೆ ಹೊರಗಡೆ ಇನ್ನೊಂದು ಪೊರೆ ಇದೆ, ಅದನ್ನ ದಾಟಿ ಒಳಗೆ ಹೋದದ್ದನ್ನೂ ಪಂಪ್ ಮಾಡಿ ಆಚೆ ಹಾಕತ್ತೆ. ಸ್ಟ್ಯಾಫಿಲೊಕಾಕಸ್‌ಗೆ ಆ ಹೊರಪೊರೆ ಇಲ್ಲ.

ಆದ್ರೆ ಆ 14ನ್ನ ಜಾಸ್ತಿ ನಂಬ್ಬೇಡಿ. ಅದರಲ್ಲಿ 6 ಮಿ.ಮೀ. ಡಿಸ್ಕಿನ ಅಗಲವೇ. ಜೊತೆಗೆ ಝೋನ್ ಅನ್ನೋದು ಬೆಳವಣಿಗೆ ತಡೆಯೋ ಶಕ್ತಿಯ ಜೊತೆ ಆ ಅಣು ಅಗರ್‌ನಲ್ಲಿ ಎಷ್ಟು ದೂರ ಹರಡತ್ತೆ ಅನ್ನೋದನ್ನೂ ಸೇರಿಸಿ ಹೇಳತ್ತೆ, ಟ್ಯಾನಿನ್ ಥರ ದೊಡ್ಡ ಅಣು ನಿಜವಾಗ್ಲೂ ಸ್ಟ್ರಾಂಗ್ ಇದ್ರೂ ಡಿಸ್ಕಿನ ಪಕ್ಕದಲ್ಲೇ ಕೂತ್ಬಿಡತ್ತೆ. ಬರೀ ಮೆಥನಾಲ್ ಹಾಕಿ ಒಣಗಿಸಿದ ಡಿಸ್ಕ್ ಇಟ್ಟಿದ್ರಾ? ಇಲ್ಲಾಂದ್ರೆ ಮೊದಲು ಅದನ್ನ ಇಡಿ, ಝೋನ್ ಮೆಥನಾಲಿಂದಲೇ ಬಂದದ್ದಲ್ಲ ಅಂತ ಗೊತ್ತಾಗ್ಬೇಕಲ್ಲ. ಆಮೇಲೆ ಎಂಐಸಿ (ಬೆಳವಣಿಗೆ ನಿಲ್ಲಿಸೋಕೆ ಬೇಕಾದ ಕನಿಷ್ಠ ಪ್ರಮಾಣ) ನೋಡಿ, ಅಂದ್ರೆ ಎಕ್ಸ್‌ಟ್ರಾಕ್ಟನ್ನ ಅರ್ಧರ್ಧ ಮಾಡ್ತಾ ಮಾಡ್ತಾ ತೆಳು ಮಾಡಿ ಪ್ಲೇಟಿನ ಯಾವ ಗುಳಿಯವರೆಗೂ ಬೆಳವಣಿಗೆ ನಿಂತಿದೆ ಅಂತ ನೋಡೋದು. ಎಲೆಯ ಹಸಿರಲ್ಲಿ ಬ್ಯಾಕ್ಟೀರಿಯಾ ಬೆಳೆದ ಮಬ್ಬು ಗೊತ್ತಾಗಲ್ಲ ಅಂತ ಗೋಳಾಡ್ತೀರಿ, ಅದಕ್ಕೆ ರೆಸಾಜುರಿನ್ ಅನ್ನೋ ನೀಲಿ ಬಣ್ಣ ಒಂದು ಹನಿ ಹಾಕಿ: ಬ್ಯಾಕ್ಟೀರಿಯಾ ಉಸಿರಾಡ್ತಿದ್ರೆ ನೀಲಿ ಹೋಗಿ ಗುಲಾಬಿ ಆಗತ್ತೆ, ಇಲ್ಲಾಂದ್ರೆ ನೀಲಿಯಾಗೇ ಇರತ್ತೆ.

ಪ್ರಶ್ನೆ: ಆ್ಯಂಟಿಆಕ್ಸಿಡೆಂಟ್ ಗುಣ ಅಳೆಯೋ ಡಿಪಿಪಿಎಚ್ ಟೆಸ್ಟಲ್ಲಿ ನಮ್ಮ ಎಕ್ಸ್‌ಟ್ರಾಕ್ಟಿನ ಐಸಿ50 40 ಮೈಕ್ರೊಗ್ರಾಂ, ವಿಟಮಿನ್ ಸಿದು 5. ಎಂಟು ಪಟ್ಟು ಪವರ್‌ಫುಲ್ ಅಂತ ಬರೀಬಹುದಾ?

ಉತ್ತರ: ಅಯ್ಯೋ, ಉಲ್ಟಾ! ಡಿಪಿಪಿಎಚ್ ನೇರಳೆ ಬಣ್ಣದ ಫ್ರೀ ರಾಡಿಕಲ್, ಎಲೆಯ ಫೀನಾಲ್‌ಗಳು ಅದಕ್ಕೆ ಹೈಡ್ರೋಜನ್ ಕೊಟ್ರೆ ಹಳದಿಗೆ ತಿರುಗತ್ತೆ, 517 ನ್ಯಾನೊಮೀಟರ್‌ನಲ್ಲಿ ಆ ನೇರಳೆ ಎಷ್ಟು ಇಳೀತು ಅಂತ ಅಳೀತೀವಿ. ಅರ್ಧ ಇಳಿಸೋಕೆ ಎಷ್ಟು ಬೇಕೋ ಅದೇ ಐಸಿ50, ಕಮ್ಮಿ ಇದ್ದಷ್ಟೂ ಒಳ್ಳೇದು. ಆದ್ರೂ ಬೇಜಾರು ಬೇಡ, ಹತ್ತಾರು ವಸ್ತು ಕಲಸಿರೋ ಎಕ್ಸ್‌ಟ್ರಾಕ್ಟು ಶುದ್ಧ ವಿಟಮಿನ್ ಸಿ ಪಕ್ಕ 40 ಬಂದ್ರೆ ಕೆಟ್ಟದ್ದೇನಲ್ಲ. ಎಕ್ಸ್‌ಟ್ರಾಕ್ಟಿನ ಸ್ವಂತ ಬಣ್ಣವನ್ನ ಬ್ಲ್ಯಾಂಕ್ (ಡಿಪಿಪಿಎಚ್ ಹಾಕದ ಸ್ಯಾಂಪಲ್) ಇಟ್ಟು ಕಳೆದಿದ್ದೀರಾ ನೋಡ್ಕೊಳ್ಳಿ. ಮತ್ತೆ "ಕ್ಯಾನ್ಸರ್ ತಡೆಯುತ್ತದೆ" ಅಂತ ಕೊನೇ ಪ್ಯಾರಾದಲ್ಲಿ ತೂರಿಸ್ಬೇಡಿ, ಡಿಪಿಪಿಎಚ್ ಯಾರ ಮೈಯಲ್ಲೂ ಇರಲ್ಲ. ಓರ್ಯಾಕ್ ಅಂತ ಇಂಥದ್ದೇ ಇನ್ನೊಂದು ಅಳತೆ ಇದೆ, ಆಹಾರಗಳ ಓರ್ಯಾಕ್ ಪಟ್ಟಿಯನ್ನ ಅಮೆರಿಕದ ಕೃಷಿ ಇಲಾಖೆನೇ 2012ರಲ್ಲಿ ತೆಗೆದುಹಾಕ್ತು, ಮಾರೋರು ಆ ನಂಬರ್ ಹಿಡ್ಕೊಂಡು ಕುಣೀತಿದ್ರು, ಆರೋಗ್ಯಕ್ಕೂ ಅದಕ್ಕೂ ನಂಟು ಸಿಕ್ಕಿರಲಿಲ್ಲ.

ಪ್ರಶ್ನೆ: ಇಷ್ಟೆಲ್ಲ ಗುಣ ಇದ್ಮೇಲೆ ಇನ್ಫೆಕ್ಷನ್‌ಗೆ ಆ್ಯಂಟಿಬಯಾಟಿಕ್ ಬಿಟ್ಟು ಎಕ್ಸ್‌ಟ್ರಾಕ್ಟೇ ಕುಡೀಬಹುದಲ್ವಾ?

ಉತ್ತರ: ಬೇಡ. ಗಿಡದ ಎಕ್ಸ್‌ಟ್ರಾಕ್ಟುಗಳ ಎಂಐಸಿ ಮಿಲಿಗೆ ನೂರಾರು ಮೈಕ್ರೊಗ್ರಾಂ ಬರೋದು ಮಾಮೂಲು, ಕೆಲಸ ಮಾಡೋ ಆ್ಯಂಟಿಬಯಾಟಿಕ್‌ಗೆ ಎಷ್ಟೋ ಸಲ 1 ಅಥವಾ ಅದಕ್ಕಿಂತ ಕಮ್ಮಿ ಸಾಕು. ಎಂಐಸಿ 500 ಅಂದ್ಕೊಳ್ಳಿ, ಸುಮಾರು 5 ಲೀಟರ್ ರಕ್ತಕ್ಕೆ ಎರಡೂವರೆ ಗ್ರಾಂ ಎಕ್ಸ್‌ಟ್ರಾಕ್ಟು ಬೇಕು, ಅದೂ ಹೊಟ್ಟೆಯಲ್ಲಿ, ಲಿವರ್‌ನಲ್ಲಿ ಒಂದು ಚೂರೂ ಕಳೆದುಹೋಗದೆ ಪೂರ್ತಿ ರಕ್ತದಲ್ಲೇ ಉಳೀಬೇಕು. ಅರಿಶಿನದ ಕರ್ಕ್ಯುಮಿನ್ನೇ ನೋಡಿ, ಗ್ರಾಂಗಟ್ಟಲೆ ನುಂಗಿದ್ರೂ ರಕ್ತದಲ್ಲಿ ಹುಡುಕಾಡೋ ಹಾಗಿರತ್ತೆ.

ಪ್ರಶ್ನೆ: ಎಲೆ ಬಿಸಿಲಲ್ಲಿ ಒಣಗಿಸೋದಾ, ನೆರಳಲ್ಲಾ?

ಉತ್ತರ: ನೆರಳಲ್ಲಿ, ಗಾಳಿ ಆಡೋ ಕಡೆ. ಕುದಿಸೋಕೂ ಅವಸರ ಬೇಡ. ಗಿಡದಿಂದ ತೆಗೆಯೋ ಮಲೇರಿಯಾ ಔಷಧಿ ಆರ್ಟೆಮಿಸಿನಿನ್ ಬಿಸಿಗೆ ಹಾಳಾಗ್ತಿತ್ತು, ಚೀನಾದ ವಿಜ್ಞಾನಿ ಟು ಯೂಯೂ ಅವರು 1971ರಲ್ಲಿ ಕಮ್ಮಿ ಬಿಸಿಗೇ ಕುದಿಯೋ ಈಥರ್ ಹಿಡಿದ ಮೇಲೇ ಅದು ಕೈಗೆ ಸಿಕ್ಕಿದ್ದು, 2015ರಲ್ಲಿ ನೊಬೆಲ್ ಬಂತು.